ಕೊಟ್ಟಿಗೆಗೊಂದು ಬೆಕ್ಕು: ಸಾಕೋಣವೇ, ಬೇಡವೇ?

"ಡಾಕ್ಟ್ರಮ್ಮ, ಒಂದ್ ಮಾತು ಕೇಳ್ಬೇಕಿತ್ತು. ಹಸೀನ ವಿಚಾರ ಅಲ್ಲ, ಬೆಕ್ಕಿಂದು."

ಕಳೆದ ಮಳೆಗಾಲದ ಒಂದು ಬೆಳಿಗ್ಗೆ. ನಮ್ಮ ಮಾರ್ಗದ ಮಹಿಳಾ ಸಂಘವೊಂದರಲ್ಲಿ ಹಾಲು ಅಳೆಯುವುದು ಮುಗಿಯುತ್ತಾ ಬಂದಿತ್ತು. ಕೆಚ್ಚಲು ಬಾವಿನ ಪರೀಕ್ಷೆಗೆ ಹಾಲಿನ ಮಾದರಿ ತೆಗೆದುಕೊಳ್ಳಲು ನಾನು ಅಲ್ಲಿಗೆ ಹೋಗಿದ್ದೆ. ಅರವತ್ತರ ಆಸುಪಾಸಿನ ಸದಸ್ಯೆಯೊಬ್ಬರು ಖಾಲಿ ಕ್ಯಾನನ್ನು ಪಕ್ಕಕ್ಕಿಟ್ಟು, ಸೆರಗಿನ ಮರೆಯಿಂದ ಅಂಗೈಯಗಲದ ಬೂದು ಬಣ್ಣದ ಮರಿಯೊಂದನ್ನು ತೆಗೆದು ತೋರಿಸಿದರು. ಮನೆಯಲ್ಲಿ ಇಲಿಕಾಟ ವಿಪರೀತವಂತೆ, ಹಿಂಡಿ ಚೀಲ ಒಂದೂ ತೂತಿಲ್ಲದೆ ಉಳಿದಿಲ್ಲ. ಮಗ ಇಲಿ ಪಾಷಾಣ ತಂದಿಟ್ಟಿದ್ದಾನೆ. ಇವರಿಗೆ ಪಾಷಾಣವೆಂದರೆ ಭಯ, ಹಿಂದೊಮ್ಮೆ ಒಂದು ಕರು ಅದರಿಂದಲೇ ಹೋಗಿತ್ತು. ಅದಕ್ಕೆ ತವರಿನಿಂದ ಬೆಕ್ಕಿನ ಮರಿ ತಂದಿದ್ದಾರೆ. ಆದರೆ ಸೊಸೆ ನಾಲ್ಕು ತಿಂಗಳ ಬಸುರಿ. ಬಸುರಿ ಇರುವ ಮನೆಯಲ್ಲಿ ಬೆಕ್ಕು ಇರಬಾರದು, ಹೊಟ್ಟೆಯಲ್ಲಿರುವ ಮಗುವಿಗೆ ತೊಂದರೆ ಎಂದು ಪಕ್ಕದ ಮನೆಯವರು ಹೇಳಿದ್ದಾರೆ. ಸೊಸೆಯ ಮೊಬೈಲಿನಲ್ಲೂ ಅದೇ ಬಂದಿದೆ.

"ಇದನ್ನ ಇಟ್ಕೊಳ್ಳಾದೋ ಬಿಡಾದೋ ನೀವೇ ಹೇಳಿ."

ಗಾಡಿ ಕಾಯುತ್ತಿತ್ತು. ಮುಂದಿನ ಊರಿನಲ್ಲಿ ಹಸುವಿಗೆ ಹೆರಿಗೆ ಕಷ್ಟವಾಗಿ ಕರೆ ಬಂದಿತ್ತು. "ಇಟ್ಕೊಳ್ಳಿ ಅಮ್ಮ, ಏನೂ ಆಗಲ್ಲ" ಎಂದು ಹೇಳಿ ಹೊರಟುಬಿಟ್ಟೆ. ಆ ಕರುವನ್ನು ಎಳೆದು, ಕೈ ತೊಳೆದುಕೊಂಡು, ಕಾಫಿ ಕುಡಿಯುವಾಗ ಮನಸ್ಸು ಚುಚ್ಚಿತು. ಹಸುವಿನ ಬಗ್ಗೆ ಯಾರಾದರೂ ಹೀಗೆ ಕೇಳಿದ್ದರೆ ನಿಂತು ಕಾಲು ಗಂಟೆ ಮಾತಾಡುತ್ತಿದ್ದೆ. ಬೆಕ್ಕೆಂದು ಒಂದೇ ಮಾತಿನಲ್ಲಿ ಮುಗಿಸಿದೆ. ಆ ಒಂದು ಮಾತೂ ಪೂರ್ತಿ ಸರಿಯಾಗಿರಲಿಲ್ಲ. ಏಕೆಂದು ಮುಂದೆ ಹೇಳುತ್ತೇನೆ. ಎರಡು ದಿನ ಬಿಟ್ಟು ಅವರ ಮನೆಗೇ ಹೋಗಿ ಕೂತು ಹೇಳಿದ್ದನ್ನು ಇಲ್ಲಿ ಎಲ್ಲ ಸದಸ್ಯರಿಗಾಗಿ ಬರೆಯುತ್ತಿದ್ದೇನೆ. ಈ ಪುಟಗಳಲ್ಲಿ ನಾವು ಬರೆಯುವುದು ಹಸು, ಎಮ್ಮೆ, ಮೇವಿನ ಬಗ್ಗೆ. ಆದರೆ ನಿಮ್ಮ ಕೊಟ್ಟಿಗೆಗಳಿಗೆ ಬಂದಾಗ ಹಿಂಡಿ ಚೀಲದ ಮೇಲೆ ಮಲಗಿ ನನ್ನನ್ನೇ ನೋಡುವ ಬೆಕ್ಕುಗಳಿಗೇನೂ ಕಡಿಮೆಯಿಲ್ಲ.

ಇಲಿಯ ಲೆಕ್ಕ

ಬೆಕ್ಕು ಬೇಕೆನ್ನುವವರ ಮೊದಲ ಕಾರಣ ಇಲಿ. ಆದ್ದರಿಂದ ಇಲಿಯ ಲೆಕ್ಕವನ್ನೇ ಮೊದಲು ನೋಡೋಣ. ಬೆಳೆದ ಇಲಿ ದಿನಕ್ಕೆ ತನ್ನ ಮೈತೂಕದ ಸುಮಾರು ಹತ್ತನೇ ಒಂದು ಭಾಗ, ಅಂದರೆ 20ರಿಂದ 25 ಗ್ರಾಂ ತಿನ್ನುತ್ತದೆ. ನಿಮ್ಮ ಮೇವಿನ ಕೋಣೆಯಲ್ಲಿ ಇಪ್ಪತ್ತು ಇಲಿಗಳಿವೆ ಎಂದುಕೊಳ್ಳಿ. ಹಾಡುಹಗಲೇ ಒಂದೆರಡು ಕಣ್ಣಿಗೆ ಬೀಳುತ್ತಿದ್ದರೆ ಅಷ್ಟಿರುವುದು ಹೆಚ್ಚೇನಲ್ಲ. ದಿನಕ್ಕೆ ಅರ್ಧ ಕೆಜಿ ಹೋಯಿತು. ನೂರು ದಿನಕ್ಕೆ 50 ಕೆಜಿಯ ಒಂದು ಪೂರ್ತಿ ಚೀಲ, ವರ್ಷಕ್ಕೆ ಮೂರೂವರೆ ಚೀಲಕ್ಕೂ ಮೀರಿ ಪಶು ಆಹಾರ. ಅಷ್ಟನ್ನು ಹಸುವಿಗೆ ಹಾಕಿದ್ದರೆ ಹಾಲಾಗುತ್ತಿತ್ತು. ಇದು ತಿಂದದ್ದರ ಲೆಕ್ಕ ಮಾತ್ರ. ಚೀಲ ಕಡಿದು ಚೆಲ್ಲಿದ್ದು, ಹಿಕ್ಕೆ ಬಿದ್ದು ಕೆಟ್ಟದ್ದು, ತೂತಿನಿಂದ ತೇವ ಸೇರಿ ಬೂಷ್ಟು ಹಿಡಿದದ್ದು ಬೇರೆ. ಹೆಣ್ಣಿಲಿ ಮೂರು ವಾರದಲ್ಲಿ ಈಯುತ್ತದೆ, ಒಂದು ಸಲಕ್ಕೆ ಆರರಿಂದ ಹನ್ನೆರಡು ಮರಿ.

ಚೀಲದ ನಷ್ಟವಾದರೂ ಕಣ್ಣಿಗೆ ಕಾಣುತ್ತದೆ. ಕಾಣದ ನಷ್ಟ ಇಲಿಯ ಉಚ್ಚೆಯಲ್ಲಿದೆ. ಎರಡು ವರ್ಷದ ಹಿಂದೆ ಒಂದು ಮನೆಯಲ್ಲಿ ಏಳು ತಿಂಗಳ ಗಬ್ಬದ ಎರಡು ಹಸುಗಳು ಹದಿನೈದು ದಿನದ ಅಂತರದಲ್ಲಿ ಕಂದು ಹಾಕಿದವು. ಎಲ್ಲರಂತೆ ನಾನೂ ಮೊದಲು ಅನುಮಾನಪಟ್ಟಿದ್ದು ಬ್ರುಸೆಲ್ಲಾ. ರಕ್ತ ಪರೀಕ್ಷೆಗೆ ಕಳಿಸಿದೆವು, ಬ್ರುಸೆಲ್ಲಾ ಇರಲಿಲ್ಲ, ಲೆಪ್ಟೊಸ್ಪೈರಾ ಎಂದು ಬಂತು. ಇಲಿಗಳು ತಮ್ಮ ಮೂತ್ರಪಿಂಡದಲ್ಲಿ ಈ ರೋಗಾಣುವನ್ನು ಇಟ್ಟುಕೊಂಡು, ತಾವು ಮಾತ್ರ ಆರೋಗ್ಯವಾಗಿ ಓಡಾಡಿಕೊಂಡು, ಉಚ್ಚೆಯ ಮೂಲಕ ಹರಡುತ್ತವೆ. ಮೇವು, ನೀರಿನ ತೊಟ್ಟಿ, ನೀರು ನಿಂತ ಕೊಟ್ಟಿಗೆಯ ನೆಲ ಎಲ್ಲವೂ ದಾರಿಯೇ. ಹಸು ಕಂದು ಹಾಕಬಹುದು, ಇದ್ದಕ್ಕಿದ್ದಂತೆ ಹಾಲು ಬತ್ತಬಹುದು, ಎಳೆಗರು ಕೆಂಪು ಉಚ್ಚೆ ಹೊಯ್ಯಬಹುದು. ಬರಿಗಾಲಲ್ಲಿ ಕೊಟ್ಟಿಗೆ ತೊಳೆಯುವ ನಿಮಗೂ ಅದು ಬರುತ್ತದೆ. ಜನ ಇಲಿ ಜ್ವರ ಎನ್ನುವುದು ಇದನ್ನೇ. ಜ್ವರದ ಜೊತೆ ಮೀನಖಂಡ ಸಿಡಿಯುವಷ್ಟು ನೋವು, ಕಣ್ಣು ಕೆಂಪು, ಕೆಲವರಲ್ಲಿ ಕಾಮಾಲೆ. ಜ್ವರ ಬಂದು ಆಸ್ಪತ್ರೆಗೆ ಹೋದಾಗ "ಕೊಟ್ಟಿಗೆ ಕೆಲಸ ಮಾಡ್ತೀನಿ, ಮನೆಯಲ್ಲಿ ಇಲಿ ಇದೆ" ಎಂದು ವೈದ್ಯರಿಗೆ ಹೇಳಲು ಮರೆಯಬೇಡಿ.

ಹಾಗಾದರೆ ಬೆಕ್ಕು ತಂದುಬಿಟ್ಟರೆ ಆಯಿತೇ?

ಅಷ್ಟು ಸುಲಭವಿಲ್ಲ. ಬೆಕ್ಕು ಚೆನ್ನಾಗಿ ಹಿಡಿಯುವುದು ಸುಂಡಿಲಿ ಮತ್ತು ಎಳೆಯ ಇಲಿಗಳನ್ನು. ಬಲಿತ ದೊಡ್ಡ ಇಲಿ ತಿರುಗಿ ಕಚ್ಚುತ್ತದೆ, ಇನ್ನು ಒಂದು ಕೆಜಿ ತೂಗುವ ಹೆಗ್ಗಣವನ್ನು ಕಂಡರೆ ಬಹಳಷ್ಟು ಬೆಕ್ಕುಗಳು ಗೌರವದಿಂದ ದಾರಿ ಬಿಡುತ್ತವೆ. ನ್ಯೂಯಾರ್ಕಿನ ಒಂದು ಕಸ ಮರುಬಳಕೆ ಘಟಕದಲ್ಲಿ ಸಂಶೋಧಕರು ಕೆಲವು ತಿಂಗಳು ಕ್ಯಾಮೆರಾ ಇಟ್ಟು ಬೀದಿ ಬೆಕ್ಕುಗಳನ್ನು ಗಮನಿಸಿದ್ದರು. 2018ರಲ್ಲಿ ಪ್ರಕಟವಾದ ಅದರ ಫಲಿತಾಂಶ ಓದಿ ನನಗೇ ನಗು ಬಂತು. ಅಷ್ಟು ದಿನದಲ್ಲಿ ಬೆಕ್ಕುಗಳು ಕೊಂದದ್ದು ಎರಡೇ ಇಲಿ. ಬೆಕ್ಕು ಇದ್ದ ದಿನ ಇಲಿಗಳು ಅಡಗಿ ಕೂರುತ್ತಿದ್ದವು. ಜನರ ಕಣ್ಣಿಗೆ ಬೀಳದಿದ್ದರಿಂದ ಇಲಿ ಕಡಿಮೆಯಾಯಿತು ಎಂಬ ಭ್ರಮೆ ಹುಟ್ಟುತ್ತಿತ್ತು.

ಆದರೆ ತೋಟದ ಮನೆಯ ಕಥೆ ಸ್ವಲ್ಪ ಬೇರೆ. ಇಂಗ್ಲೆಂಡಿನ ಪ್ರಾಣಿಶಾಸ್ತ್ರಜ್ಞ ಚಾರ್ಲ್ಸ್ ಎಲ್ಟನ್ 1953ರಲ್ಲಿ ರೈತರ ಮನೆಯ ಬೆಕ್ಕುಗಳ ಬಗ್ಗೆ ಒಂದು ಲೇಖನ ಪ್ರಕಟಿಸಿದರು. ಇಲಿ ತುಂಬಿ ತುಳುಕುವ ಜಾಗಕ್ಕೆ ಬೆಕ್ಕು ತಂದರೆ ಇಲಿ ಹೋಗುವುದಿಲ್ಲ, ಮೊದಲು ಇಲಿ ತೆಗೆದು ಆಮೇಲೆ ಬೆಕ್ಕು ಇಟ್ಟರೆ ಇಲಿ ಮತ್ತೆ ಬಂದು ಸೇರುವುದನ್ನು ಅದು ತಡೆಯುತ್ತದೆ ಎಂಬುದು ಅದರ ಸಾರ. ಅದಕ್ಕೂ ಒಂದು ಷರತ್ತಿತ್ತು, ಬೆಕ್ಕಿಗೆ ಅಲ್ಲೇ ಊಟ ಸಿಗಬೇಕು. ನಮ್ಮೂರುಗಳಲ್ಲಿ ನಡೆಯುವುದು ಇದರ ತಿರುಗುಮುರುಗು. "ಅನ್ನ ಹಾಕಿದ್ರೆ ಸೋಮಾರಿ ಆಗುತ್ತೆ, ಹಸ್ದಿದ್ರೆ ಇಲಿ ಹಿಡಿಯುತ್ತೆ" ಎಂದು ಉಪವಾಸ ಕೆಡವುತ್ತಾರೆ. ಬೆಕ್ಕು ಹಸಿವೆಗಾಗಿ ಮಾತ್ರ ಬೇಟೆಯಾಡುವ ಪ್ರಾಣಿಯಲ್ಲ, ಹೊಟ್ಟೆ ತುಂಬಿದ್ದರೂ ಓಡುವ ಇಲಿ ಕಂಡರೆ ಹಾರುತ್ತದೆ. ಉಪವಾಸ ಕೆಡವಿದ ಬೆಕ್ಕು ಮಾಡುವುದು ಒಂದೇ ಕೆಲಸ. ಊಟ ಸಿಗುವ ಪಕ್ಕದ ಮನೆಗೆ ಹೋಗುತ್ತದೆ, ಇಲ್ಲವೇ ನಿಮ್ಮದೇ ನಾಟಿ ಕೋಳಿಯ ಪಿಳ್ಳೆಗಳ ಮೇಲೆ ಕಣ್ಣು ಹಾಕುತ್ತದೆ.

ಆದ್ದರಿಂದ ಬೆಕ್ಕಿಗೆ ಮುಂಚೆ ಮೇವಿನ ಕೋಣೆ ನೋಡಿ. ಚೀಲಗಳನ್ನು ಗೋಡೆಯಿಂದ ಒಂದಡಿ ದೂರ, ನೆಲದಿಂದ ಮೇಲಕ್ಕೆ ಹಲಗೆಯ ಮೇಲಿಡಿ. ಬಿಚ್ಚಿದ ಚೀಲವನ್ನು ಮುಚ್ಚಳವಿರುವ ಡ್ರಮ್ಮಿಗೆ ಸುರಿಯಿರಿ. ಬಿಲಗಳನ್ನು ಗಾಜಿನ ಚೂರು ಸೇರಿಸಿದ ಸಿಮೆಂಟಿನಿಂದ ಮುಚ್ಚಿ, ಕಿಟಕಿಗೆ ಸಣ್ಣ ಕಣ್ಣಿನ ತಂತಿ ಜಾಲರಿ ಹಾಕಿ, ಬೋನು ಇಟ್ಟು ಇರುವ ಇಲಿಗಳನ್ನು ಹಿಡಿಯಿರಿ. ರಾತ್ರಿ ಗೋದಲಿಯಲ್ಲಿ ಹಿಂಡಿ ಉಳಿಯದಂತೆ ನೋಡಿಕೊಳ್ಳಿ. ಇಷ್ಟಾದ ಮೇಲೆ ಬೆಕ್ಕು ನಿಜವಾಗಿಯೂ ಕೆಲಸಕ್ಕೆ ಬರುತ್ತದೆ. ಇಲಿ ಹೋದರೆ ಅದರ ಹಿಂದೆ ಬರುವ ಹಾವಿನ ಕಾಟವೂ ತಗ್ಗುತ್ತದೆ. ಮರಿ ಆರಿಸುವಾಗ ಇಲಿ ಹಿಡಿಯುವ ತಾಯಿಯ ಮರಿಯನ್ನೇ ಕೇಳಿ ತನ್ನಿ, ಎರಡು ತಿಂಗಳು ತಾಯಿಯ ಜೊತೆ ಬಿಟ್ಟು ಆಮೇಲೆ ತನ್ನಿ. ಬೇಟೆಯನ್ನು ತಾಯಿಯೇ ಮರಿಗೆ ಕಲಿಸಬೇಕು.

ಪಾಷಾಣ ಮತ್ತು ಬೆಕ್ಕು ಒಂದೇ ಮನೆಯಲ್ಲಿರಬಾರದು. ಎರಡರಲ್ಲಿ ಒಂದನ್ನು ಆರಿಸಿಕೊಳ್ಳಿ. ಬ್ರೊಮಾಡಿಯೊಲೋನ್ ಬಿಲ್ಲೆ ತಿಂದ ಇಲಿ ತಕ್ಷಣ ಸಾಯುವುದಿಲ್ಲ, ನಾಲ್ಕೈದು ದಿನ ತೂಕಡಿಸುತ್ತಾ ಓಡಾಡುತ್ತದೆ. ಅಂಥ ಇಲಿ ಬೆಕ್ಕಿಗೆ ಸುಲಭದ ತುತ್ತು. ಆಮೇಲೆ ಬೆಕ್ಕಿಗೂ ಒಳಗೊಳಗೇ ರಕ್ತಸ್ರಾವ ಶುರುವಾಗುತ್ತದೆ. ಬೇಗ ತಂದರೆ ವಿಟಮಿನ್ ಕೆ ಚುಚ್ಚುಮದ್ದಿನಿಂದ ಉಳಿಸಬಹುದು. ಜಿಂಕ್ ಫಾಸ್ಫೈಡ್‌ಗೆ ಮಾರುಮದ್ದೇ ಇಲ್ಲ, ಅದು ಬೆರೆತ ಹಿಟ್ಟಿನುಂಡೆಗೆ ಕರು ಬಾಯಿ ಹಾಕಿದರೂ ಅಷ್ಟೇ.

ತೆನಾಲಿಯ ಬೆಕ್ಕು ಹೇಳಿದ್ದು ಸರಿ

ತೆನಾಲಿ ರಾಮಕೃಷ್ಣನ ಬೆಕ್ಕಿನ ಕಥೆ ನಿಮಗೆಲ್ಲ ಗೊತ್ತು. ಇಲಿ ಕಾಟ ತಡೆಯಲು ಕೃಷ್ಣದೇವರಾಯ ಮನೆಗೊಂದು ಬೆಕ್ಕು, ಅದಕ್ಕೆ ಹಾಲಿಗೆಂದು ಒಂದೊಂದು ಹಸು ಕೊಟ್ಟನಂತೆ. ಎಲ್ಲರ ಬೆಕ್ಕೂ ಕೊಬ್ಬಿದವು. ರಾಮಕೃಷ್ಣ ಮೊದಲ ದಿನವೇ ಕುದಿಯುವ ಹಾಲಿಟ್ಟು ಬಾಯಿ ಸುಡಿಸಿದ್ದರಿಂದ ಅವನ ಬೆಕ್ಕು ಹಾಲು ಕಂಡರೆ ಓಡುತ್ತಿತ್ತು, ಹಸುವಿನ ಹಾಲೆಲ್ಲ ಅವನ ಮನೆಯವರಿಗೇ. ಹೈನುಗಾರರ ಲೆಕ್ಕದಲ್ಲಿ ಅವನೇ ಜಾಣ! ಬಾಯಿ ಸುಡುವುದನ್ನು ನಾನು ಒಪ್ಪುವುದಿಲ್ಲ, ಆದರೆ ಬೆಕ್ಕಿಗೆ ಹಾಲು ಬೇಡ ಎಂಬ ತೀರ್ಮಾನ ಮಾತ್ರ ವೈದ್ಯಶಾಸ್ತ್ರಕ್ಕೂ ಸರಿ. ಮರಿ ಬೆಳೆದಂತೆ ಹಾಲಿನ ಸಕ್ಕರೆಯನ್ನು ಅರಗಿಸುವ ಶಕ್ತಿ ಬಹಳಷ್ಟು ಬೆಕ್ಕುಗಳಲ್ಲಿ ಕುಗ್ಗುತ್ತದೆ. ದೊಡ್ಡ ಬಟ್ಟಲು ಹಾಲು ಕುಡಿದ ಬೆಕ್ಕು ಭೇದಿ ಮಾಡಿಕೊಂಡರೆ ಆಶ್ಚರ್ಯವಿಲ್ಲ. ಅಭ್ಯಾಸವಾಗಿ ಏನೂ ಆಗದಿದ್ದರೆ ನೀರು ಬೆರೆಸಿದ ಎರಡು ಚಮಚ ಹಾಲು ಸಾಕು. ಅನ್ನ, ಮುದ್ದೆಯಷ್ಟರಿಂದಲೇ ಬೆಕ್ಕು ಬದುಕಲಾರದು, ಅದು ಮಾಂಸಾಹಾರಿ ಪ್ರಾಣಿ. ಟಾರಿನ್ ಎಂಬ ಪೋಷಕಾಂಶ ಮಾಂಸದಿಂದಲೇ ಸಿಗಬೇಕು, ಕೊರತೆಯಾದರೆ ಕಣ್ಣು, ಹೃದಯ ಕೆಡುತ್ತವೆ. ಮೀನಿನ ತಲೆ, ಕೋಳಿಯ ಉಳಿಕೆಯನ್ನು ಬೇಯಿಸಿ ಹಾಕಿ. ಮನೆಯಲ್ಲಿ ಮಾಂಸ ಮಾಡದವರು ಅಂಗಡಿಯಲ್ಲಿ ಸಿಗುವ ಬೆಕ್ಕಿನ ಆಹಾರ ಕೊಡಲು ಸಿದ್ಧರಿದ್ದರೆ ಮಾತ್ರ ಬೆಕ್ಕು ತನ್ನಿ.

ಇನ್ನೊಂದು ಅಭ್ಯಾಸ ಬಿಡಬೇಕು. ಕೆಚ್ಚಲು ಬಾವಿನ ಹಾಲು, ಚುಚ್ಚುಮದ್ದು ಕೊಟ್ಟ ಹಸುವಿನ ಹಾಲು ಸಂಘಕ್ಕೆ ಹಾಕುವಂತಿಲ್ಲ, "ಬೆಕ್ಕಿಗಾದ್ರೂ ಆಯ್ತು" ಎಂದು ಬಟ್ಟಲಿಗೆ ಸುರಿಯುತ್ತಾರೆ. 2024ರಲ್ಲಿ ಅಮೆರಿಕದ ಟೆಕ್ಸಾಸ್‌ನ ಒಂದು ಡೈರಿಯಲ್ಲಿ ಹಕ್ಕಿ ಜ್ವರದ ವೈರಾಣು ಹಸುಗಳಿಗೆ ತಗುಲಿತ್ತು. ಹಸುಗಳು ಚೇತರಿಸಿಕೊಂಡವು. ಅವುಗಳ ಹಸಿ ಹಾಲು ಕುಡಿದ ಸುಮಾರು 24 ಬೆಕ್ಕುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಸತ್ತವು. ನಿಮ್ಮನ್ನು ಹೆದರಿಸಲು ಇದನ್ನು ಬರೆಯುತ್ತಿಲ್ಲ. ಕಾಯಿಲೆ ಹಸುವಿನ ಹಾಲು ಬೆಕ್ಕಿನ ಹೊಟ್ಟೆ ಸೇರಿದರೆ ಅಲ್ಲಿಗೇ ಮುಗಿಯಿತು ಎಂದುಕೊಳ್ಳುವುದು ತಪ್ಪು ಎಂದು ತಿಳಿಯಲಿ, ಅಷ್ಟೇ.

ಹಾಲಿನ ಕ್ಯಾನು, ಸೋಸುವ ಬಟ್ಟೆ, ಕರೆಯುವ ಪಾತ್ರೆಯ ಹತ್ತಿರ ಬೆಕ್ಕು ಸುಳಿಯಲೇಬಾರದು. ಹಿಂದೆ ಅಡುಗೆಮನೆಯಲ್ಲಿ ನೆಲುವು ಕಟ್ಟುತ್ತಿದ್ದದ್ದು ಸುಮ್ಮನೆ ಅಲ್ಲ. ಸಂಘದ ಬಿಎಂಸಿ ಕೋಣೆಗೆ ಬೆಕ್ಕು ನುಗ್ಗುತ್ತಿದ್ದರೆ ಕಾರ್ಯದರ್ಶಿಯವರು ಬಾಗಿಲು ಸರಿ ಮಾಡಿಸಲಿ.

ಬಸುರಿ ಇರುವ ಮನೆ

ಈಗ ಆ ಅಮ್ಮನ ಪ್ರಶ್ನೆಗೆ ಬರುತ್ತೇನೆ. ಪಕ್ಕದ ಮನೆಯವರು ಹೇಳಿದ್ದು ಬರೀ ಮೂಢನಂಬಿಕೆಯಲ್ಲ. ಟಾಕ್ಸೊಪ್ಲಾಸ್ಮಾ ಎಂಬ ಪರೋಪಜೀವಿ ಇದೆ. ಬೆಕ್ಕು ಸೋಂಕಿರುವ ಇಲಿ, ಹಕ್ಕಿ ಅಥವಾ ಹಸಿ ಮಾಂಸ ತಿಂದಾಗ ಅದು ಬೆಕ್ಕಿನ ಕರುಳು ಸೇರಿ, ಕಣ್ಣಿಗೆ ಕಾಣದ ಮೊಟ್ಟೆಯಂಥ ಕಣಗಳಾಗಿ ಹೇಲಿನಲ್ಲಿ ಹೊರಬರುತ್ತದೆ. ಹೆಣ್ಣುಮಗಳಿಗೆ ಬಸುರಿಯಾಗಿದ್ದಾಗ ಮೊದಲ ಸಲ ಈ ಸೋಂಕು ತಗುಲಿದರೆ ಹೊಟ್ಟೆಯ ಮಗುವಿಗೂ ದಾಟಬಹುದು. ಗರ್ಭಪಾತ, ಮಗುವಿನ ಕಣ್ಣು ಮತ್ತು ಮಿದುಳಿಗೆ ಹಾನಿ, ಎಲ್ಲವೂ ಸಾಧ್ಯ.

ಇಷ್ಟು ಕೇಳಿ ಬೆಕ್ಕನ್ನು ಗೋಣಿಚೀಲಕ್ಕೆ ತುಂಬಿ ಊರಾಚೆ ಬಿಟ್ಟು ಬರಬೇಡಿ. ಉಳಿದದ್ದನ್ನೂ ಕೇಳಿ. ಬೆಕ್ಕು ಈ ಕಣಗಳನ್ನು ಹೊರಹಾಕುವುದು ಸಾಮಾನ್ಯವಾಗಿ ಅದಕ್ಕೆ ಮೊದಲ ಸಲ ಸೋಂಕು ತಗುಲಿದಾಗ, ಅದೂ ಒಂದರಿಂದ ಮೂರು ವಾರ. ಆಮೇಲೆ ಬಹುತೇಕ ಮತ್ತೆ ಹಾಕುವುದಿಲ್ಲ. ಹೊರಬಿದ್ದ ಕಣ ಕೂಡಲೇ ಅಂಟುವುದಿಲ್ಲ, ಹೊರಗಿನ ಗಾಳಿಯಲ್ಲಿ ಒಂದರಿಂದ ಐದು ದಿನ ಬಲಿಯಬೇಕು. ಅಂದರೆ ಬೆಕ್ಕಿನ ಹೇಲನ್ನು ದಿನಾ ತೆಗೆದು ಹೂಳುತ್ತಿದ್ದರೆ ಅಪಾಯದ ದೊಡ್ಡ ಪಾಲು ಅಲ್ಲಿಗೇ ಹೋಯಿತು. ಬೆಕ್ಕನ್ನು ಮುಟ್ಟುವುದರಿಂದ, ಅದು ಪಕ್ಕದಲ್ಲಿ ಮಲಗುವುದರಿಂದ ಇದು ಬರುವುದು ಅಪರೂಪ. ಸರಿಯಾಗಿ ಬೇಯದ ಮಾಂಸ, ತೊಳೆಯದ ಸೊಪ್ಪು ತರಕಾರಿ, ಮಣ್ಣು ಮೆತ್ತಿದ ಕೈ ಇವೇ ಹೆಚ್ಚಿನ ದಾರಿ. ಮನೆಯಲ್ಲಿ ಬೆಕ್ಕಿಲ್ಲದಿದ್ದರೂ ಹಿತ್ತಲಿನ ಮಣ್ಣಿಗೆ ಊರ ಬೆಕ್ಕುಗಳು ಬಂದೇ ಇರುತ್ತವೆ.

ನಾನು "ಏನೂ ಆಗಲ್ಲ" ಎಂದದ್ದು ಎಲ್ಲಿ ತಪ್ಪಾಯಿತು ಎಂದರೆ ಇಲ್ಲಿ. ಹಳೆಯ ಬೆಕ್ಕಾಗಿದ್ದರೆ ಅದಕ್ಕೆ ಆ ಸೋಂಕು ಎಂದೋ ಬಂದು ಹೋಗಿರುವ ಸಾಧ್ಯತೆ ಹೆಚ್ಚು. ಆ ಅಮ್ಮ ಸೆರಗಿನಲ್ಲಿ ಹಿಡಿದಿದ್ದದ್ದು ಎರಡು ತಿಂಗಳ ಮರಿ. ಇಲಿ ಹಿಡಿಯಲು ಕಲಿಯುವ ವಯಸ್ಸಿಗೇ ಮೊದಲ ಸೋಂಕು ತಗಲುವುದು, ಹೇಲಿನಲ್ಲಿ ಕಣ ಹಾಕುವುದೂ ಆಗಲೇ. ಸೊಸೆಯ ಬಸುರಿಗೂ ಮರಿಯ ಆ ವಯಸ್ಸಿಗೂ ಸರಿಯಾಗಿ ಹೊಂದಿಕೊಂಡಿತ್ತು. ಅದಕ್ಕೇ ಎರಡನೇ ದಿನ ಓಡಿದ್ದು.

ಅವರ ಮನೆಯಲ್ಲಿ ಹೀಗೆ ಒಪ್ಪಂದವಾಯಿತು. ಮರಿಗೆ ಮರಳು ತುಂಬಿದ ಹಳೆಯ ಪ್ಲಾಸ್ಟಿಕ್ ಟ್ರೇ, ಅದನ್ನು ದಿನಾ ಬೆಳಿಗ್ಗೆ ಎತ್ತಿ ಹೂಳುವುದು ಮಗ. ಸೊಸೆ ಆ ಟ್ರೇ ಮುಟ್ಟುವಂತಿಲ್ಲ, ಹಿತ್ತಲಿನ ಮಣ್ಣಿನ ಕೆಲಸಕ್ಕೆ ಹೆರಿಗೆಯವರೆಗೆ ರಜೆ, ಮಾಡಲೇಬೇಕಾದರೆ ಕೈಗವಸು. ಮಾಂಸ ಪೂರ್ತಿ ಬೇಯಬೇಕು, ಸೊಪ್ಪನ್ನು ಎರಡು ಸಲ ತೊಳೆಯಬೇಕು. ಮನೆಯಲ್ಲಿ ಬೆಕ್ಕಿದೆ ಎಂದು ಹೆರಿಗೆ ವೈದ್ಯರಿಗೆ ಹೇಳಿ, ಬೇಕಿದ್ದರೆ ಅವರು ರಕ್ತ ಪರೀಕ್ಷೆ ಮಾಡಿಸುತ್ತಾರೆ. ಸೊಸೆ ನಕ್ಕು ನನ್ನನ್ನು ಕೇಳಿದ್ದು ಬೇರೆ: "ಮೇಡಂ, ಈ ಮಣ್ಣಿನ ಕೆಲ್ಸದ ರಜೆ ವಿಷ್ಯ ನಮ್ಮತ್ತೆ ಮುಂದೆ ಇನ್ನೊಂದ್ಸಲ ಹೇಳ್ತೀರಾ?"

ಹಸು ಎಮ್ಮೆಗಳಿಗೆ ಇದರಿಂದ ತೊಂದರೆ ಬಹಳ ಅಪರೂಪ. ಆದರೆ ಕುರಿ, ಮೇಕೆ ಇದ್ದವರು ಎಚ್ಚರ, ಅವು ಕಂದು ಹಾಕುತ್ತವೆ. ಮೇವಿನ ಬಣವೆ, ಹಿಂಡಿ ಡ್ರಮ್ಮು ಬೆಕ್ಕಿನ ಕಕ್ಕಸು ಆಗದಂತೆ ಮುಚ್ಚಿಡಿ. ಹಸು ಕಂದು ಹಾಕಿತೆಂದು ಬೆಕ್ಕನ್ನು ಬೈಯುವವರಿಗೆ ಇನ್ನೊಂದು ಮಾತು. ಹಸುಗಳಲ್ಲಿ ಗರ್ಭಪಾತ ತರುವ ನಿಯೋಸ್ಪೊರಾ ಎಂಬ ಇದರ ದಾಯಾದಿ ಹರಡುವುದು ನಾಯಿಯ ಹೇಲಿನಿಂದ. ಬಿದ್ದ ಕಂದು, ಸತ್ತೆಯನ್ನು ನಾಯಿಗೆ ಎಸೆಯದೆ ಆಳವಾಗಿ ಹೂಳಿ.

ಕಚ್ಚಿದರೆ, ಪರಚಿದರೆ

ರೇಬೀಸ್ ಎಂದರೆ ನಮಗೆ ನಾಯಿ ಮಾತ್ರ ನೆನಪಾಗುತ್ತದೆ. ಬೆಕ್ಕಿಗೂ ಬರುತ್ತದೆ, ಬೆಕ್ಕಿನಿಂದ ಮನುಷ್ಯರಿಗೂ ಹಸುವಿಗೂ ಬರುತ್ತದೆ. ರಾತ್ರಿಯೆಲ್ಲ ಹೊರಗೆ ಸುತ್ತಿ ಕಾದಾಡಿ ಬರುವ ಗಂಡು ಬೆಕ್ಕಿಗೆ ಯಾವ ಪ್ರಾಣಿ ಕಚ್ಚಿತೋ ಯಾರು ನೋಡಿದ್ದಾರೆ? ಮರಿಗೆ ಮೂರು ತಿಂಗಳಾದಾಗ ರೇಬೀಸ್ ಲಸಿಕೆ ಹಾಕಿಸಿ, ಆಮೇಲೆ ವರ್ಷಕ್ಕೊಮ್ಮೆ. ಸೆಪ್ಟೆಂಬರ್ 28ರ ವಿಶ್ವ ರೇಬೀಸ್ ದಿನದ ಆಸುಪಾಸಿನಲ್ಲಿ ಅನೇಕ ಪಶು ಆಸ್ಪತ್ರೆಗಳಲ್ಲಿ ಉಚಿತವಾಗಿ ಹಾಕುತ್ತಾರೆ. ಜನ ನಾಯಿ ಹಿಡಿದುಕೊಂಡು ಬರುತ್ತಾರೆ, ಬೆಕ್ಕು ತರುವವರು ಕಡಿಮೆ. ಗೋಣಿಚೀಲವಾದರೂ ಸರಿ, ಮುಚ್ಚಳವಿರುವ ಬುಟ್ಟಿಯಾದರೂ ಸರಿ, ತನ್ನಿ.

ಬೆಕ್ಕು ಕಚ್ಚಿದರೆ ಅಥವಾ ರಕ್ತ ಬರುವಂತೆ ಪರಚಿದರೆ, ಸಾಕಿದ್ದೇ ಆಗಲಿ, ಗಾಯವನ್ನು ನಲ್ಲಿ ನೀರಿನ ಕೆಳಗೆ ಸೋಪು ಹಚ್ಚಿ 15 ನಿಮಿಷ ತೊಳೆಯಿರಿ. ಗಡಿಯಾರ ನೋಡಿ ತೊಳೆಯಿರಿ, 15 ನಿಮಿಷ ನೀವಂದುಕೊಂಡದ್ದಕ್ಕಿಂತ ಬಹಳ ದೀರ್ಘ. ಸುಣ್ಣ, ಅರಿಶಿನ, ಕಾರದ ಪುಡಿ ಹಚ್ಚಬೇಡಿ. ಅದೇ ದಿನ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ. ಬೆಕ್ಕನ್ನು ಹೊಡೆದು ಕೊಲ್ಲದೆ, ಓಡಿಸದೆ, ಹತ್ತು ದಿನ ಗಮನದಲ್ಲಿಡಿ. ಆದರೆ ಆ ಹತ್ತು ದಿನ ಮುಗಿಯಲೆಂದು ನೀವು ಲಸಿಕೆ ತಡ ಮಾಡಬೇಡಿ.

ಮಕ್ಕಳ ಮೈಮೇಲೆ ಉಂಗುರದಂಥ ಕೆಂಪು ಗಜಕರ್ಣ ಎದ್ದರೆ ಬೆಕ್ಕಿನ ಕಿವಿ, ಮುಖದ ಕೂದಲು ಉದುರಿದೆಯೇ ನೋಡಿ. ಇಬ್ಬರಿಗೂ ಒಟ್ಟಿಗೆ ಚಿಕಿತ್ಸೆಯಾಗಬೇಕು. ಮನೆಯಲ್ಲಿ ಉಬ್ಬಸದವರಿದ್ದರೆ ಬೆಕ್ಕು ತರುವ ಮೊದಲು ಅವರ ವೈದ್ಯರನ್ನು ಕೇಳಿ.

ನನ್ನಿಂದಾದ ಒಂದು ಸಾವು

ಇದನ್ನು ಬರೆಯಬೇಕೋ ಬೇಡವೋ ಎಂದು ಯೋಚಿಸಿದೆ. ನಾನು ಈ ಭಾಗಕ್ಕೆ ಬಂದ ಮೊದಲ ವರ್ಷ. ಒಂದು ಮನೆಯಲ್ಲಿ ಹಸುಗಳಿಗೆ ಉಣ್ಣೆ ಕಾಟ, ಸೈಪರ್‌ಮೆಥ್ರಿನ್ ಔಷಧಿ ಕೊಟ್ಟೆ. ನೀರಿಗೆ ಎಷ್ಟು ಬೆರೆಸಬೇಕು, ಗೋಡೆಯ ಬಿರುಕಿಗೂ ಹೊಡೆಯಬೇಕು, ಕೈಗವಸು ಹಾಕಬೇಕು ಎಂದೆಲ್ಲ ಬರೆದುಕೊಟ್ಟೆ. ಆ ಮನೆಯ ಹತ್ತು ವರ್ಷದ ಹುಡುಗ ತನ್ನ ಬೆಕ್ಕಿಗೂ ಚಿಗಟ ಇದೆಯೆಂದು ಬಾಟಲಿಯಲ್ಲಿ ಉಳಿದದ್ದನ್ನು ನೀರು ಬೆರೆಸದೆ ಅದರ ಬೆನ್ನಿಗೆ ಸವರಿದ್ದಾನೆ. ಪ್ರೀತಿಯಿಂದಲೇ. ಸಂಜೆ ಫೋನು ಬಂತು: ಬೆಕ್ಕು ನಡುಗುತ್ತಿದೆ, ಜೊಲ್ಲು ಸುರಿಸುತ್ತಿದೆ, ಕಿವಿ ಅದುರುತ್ತಿದೆ. ನಾನು ಹೋಗುವಷ್ಟರಲ್ಲಿ ಸೆಳೆತ ಶುರುವಾಗಿತ್ತು. ಮೈ ತೊಳೆದೆವು, ಇಂಜೆಕ್ಷನ್ ಕೊಟ್ಟೆ. ರಾತ್ರಿ ಹನ್ನೊಂದಕ್ಕೆ ಸತ್ತಿತು. ಹುಡುಗ ಅಳಲಿಲ್ಲ. "ನೀವೇ ಕೊಟ್ಟಿದ್ ಔಷ್ದಿ ಅಲ್ವಾ ಮೇಡಂ" ಎಂದ.

ಹಸು ತಡೆದುಕೊಳ್ಳುವ ಔಷಧಿಯನ್ನು ಬೆಕ್ಕು ತಡೆದುಕೊಳ್ಳದು. ಅನೇಕ ರಾಸಾಯನಿಕಗಳನ್ನು ಒಡೆದು ಹೊರಹಾಕಲು ಬೇಕಾದ ಕಿಣ್ವವೇ ಬೆಕ್ಕಿನ ಯಕೃತ್ತಿನಲ್ಲಿ ಬಹಳ ಕಡಿಮೆ. ಮೇಲಾಗಿ ಅದು ಮೈಯನ್ನೆಲ್ಲ ನೆಕ್ಕಿಕೊಳ್ಳುತ್ತದೆ, ಸವರಿದ್ದೆಲ್ಲ ಹೊಟ್ಟೆಗೆ ಹೋಗುತ್ತದೆ. ಸೈಪರ್‌ಮೆಥ್ರಿನ್, ಡೆಲ್ಟಾಮೆಥ್ರಿನ್, ಪರ್ಮೆಥ್ರಿನ್, ಅಮಿಟ್ರಾಜ್, ಹೀಗೆ ರಾಸುಗಳ ಉಣ್ಣೆಗೆ, ನಾಯಿಯ ಚಿಗಟಕ್ಕೆ ಬಳಸುವ ಯಾವುದನ್ನೂ ಬೆಕ್ಕಿಗೆ ಹಚ್ಚಬೇಡಿ. ಹಸುಗಳಿಗೆ ಸಿಂಪಡಿಸಿದ ದಿನ ಮೈ ಒಣಗುವವರೆಗೆ ಬೆಕ್ಕನ್ನು ಕೊಟ್ಟಿಗೆಯಿಂದ ಹೊರಗಿಡಿ. ತಪ್ಪಿ ಬಿದ್ದರೆ ತಕ್ಷಣ ಪಾತ್ರೆ ತೊಳೆಯುವ ಸೋಪು, ಉಗುರು ಬೆಚ್ಚಗಿನ ನೀರಿನಲ್ಲಿ ತೊಳೆದು, ಬಟ್ಟೆಯಲ್ಲಿ ಸುತ್ತಿ ಆಸ್ಪತ್ರೆಗೆ ತನ್ನಿ. ನೆನಪಿಡಿ, ಜ್ವರಕ್ಕೆ ನಾವು ನುಂಗುವ ಪ್ಯಾರಾಸಿಟಮಾಲ್ ಕೂಡ ಬೆಕ್ಕಿಗೆ ವಿಷ. ಒಂದೇ ಮಾತ್ರೆ ಜೀವ ತೆಗೆಯಬಹುದು.

ಆ ರಾತ್ರಿಯಿಂದ ಉಣ್ಣೆ ಔಷಧಿ ಕೈಗೆ ಕೊಡುವ ಮುಂಚೆ ನಾನು ಕೇಳುವ ಮೊದಲ ಪ್ರಶ್ನೆ: "ಮನೇಲಿ ಬೆಕ್ಕಿದೆಯಾ?" ಕೆಲವರು ನಗುತ್ತಾರೆ. ನಗಲಿ.

ಒಂದು ಬೆಕ್ಕು ಐದಾದಾಗ

ಹಸು ಈಯಲು ಒಂಬತ್ತು ತಿಂಗಳು ಬೇಕು, ಬೆಕ್ಕಿಗೆ ಸುಮಾರು 65 ದಿನ ಸಾಕು. ಐದಾರು ತಿಂಗಳಿಗೇ ಬೆದೆಗೆ ಬರುತ್ತದೆ, ಸೂಲಿಗೆ ಮೂರರಿಂದ ಐದು ಮರಿ, ವರ್ಷಕ್ಕೆ ಎರಡು ಮೂರು ಸೂಲು. ನಮ್ಮ ರಾಸುಗಳಲ್ಲೂ ಹೀಗಿದ್ದಿದ್ದರೆ ನಾನು ಗರ್ಭಧಾರಣೆ ಚಿಕಿತ್ಸೆಗೆ ಅಲೆಯಬೇಕಿರಲಿಲ್ಲ! ಮೊದಲ ಸೂಲಿನ ಮರಿಗಳನ್ನು ನೆಂಟರು ಕೇಳಿ ಒಯ್ಯುತ್ತಾರೆ, ಎರಡನೆಯದನ್ನು ನೀವೇ ಬೇಡಿಕೊಂಡು ಕೊಡುತ್ತೀರಿ, ಮೂರನೆಯದು ಸಂತೆ ಮೈದಾನದ ಮೂಲೆಯಲ್ಲಿ ರಟ್ಟಿನ ಡಬ್ಬಿಯಲ್ಲಿರುತ್ತದೆ. ಬೆಕ್ಕು ಸಾಕುವವರು ಒಪ್ಪಲು ಹಿಂಜರಿಯುವ ಖರ್ಚು ಸಂತಾನಹರಣ ಶಸ್ತ್ರಚಿಕಿತ್ಸೆ. ಅದಕ್ಕೆ ಸಿದ್ಧರಿಲ್ಲದಿದ್ದರೆ ಬೆಕ್ಕು ಬೇಡ ಎಂದೇ ನನ್ನ ಅಭಿಪ್ರಾಯ. ಮಾಡಿಸಿದ ಬೆಕ್ಕು ಇಲಿ ಹಿಡಿಯುವುದನ್ನು ಬಿಡುವುದಿಲ್ಲ. ಗಂಡು ಬೆಕ್ಕು ಅಲೆದಾಟ, ಕಾದಾಟ ಕಡಿಮೆ ಮಾಡಿ ಮನೆಯಲ್ಲೇ ಉಳಿಯುತ್ತದೆ.

ಆ ಅಮ್ಮನ ಸೊಸೆಗೆ ಡಿಸೆಂಬರ್‌ನಲ್ಲಿ ಹೆಣ್ಣು ಮಗುವಾಯಿತು, ತಾಯಿ ಮಗು ಚೆನ್ನಾಗಿದ್ದಾರೆ. ಮೊನ್ನೆ ಕರುವಿಗೆ ಜಂತುಹುಳುವಿನ ಔಷಧಿ ಕೊಡಲು ಹೋದಾಗ ಮೇವಿನ ಕೋಣೆ ನೋಡಿದೆ. ಡ್ರಮ್ಮುಗಳಿಗೆ ಮುಚ್ಚಳ ಬಂದಿದೆ, ಬಿಲ ಮುಚ್ಚಿದೆ, ಒಂದು ಮೂಲೆಯಲ್ಲಿ ಹೊಸದೊಂದು ಬಿಲ ಶುರುವಾಗಿದೆ. ಮರಿ ಈಗ ಮರಿಯಲ್ಲ, ಗೋದಲಿಯ ದಂಡೆಯ ಮೇಲೆ ಕೂತು ಹೊಸ ಬಿಲವನ್ನೇ ನೋಡುತ್ತಿತ್ತು. "ರಾತ್ರಿ ಎಲ್ಲಾ ಒಂಥರಾ ಕೂಗ್ತದೆ ಡಾಕ್ಟ್ರಮ್ಮ, ಹೊಟ್ಟೆನೋವಾ?" ಎಂದು ಕೇಳಿದರು. ಹೊಟ್ಟೆನೋವಲ್ಲ, ಬೆದೆ. ತಾಲ್ಲೂಕು ಪಶು ಆಸ್ಪತ್ರೆಯ ವೈದ್ಯರಿಗೆ ಹೇಳಿಟ್ಟಿದ್ದೇನೆ, ಬರುವ ವಾರ ಶಸ್ತ್ರಚಿಕಿತ್ಸೆ. ಹಿಂದಿನ ರಾತ್ರಿ ಊಟದ ನಂತರ ಏನೂ ಕೊಡಬಾರದು, ನೀರು ಬಿಟ್ಟು. ಅಲ್ಲಿಯವರೆಗೆ ಬಾಗಿಲು ಹಾಕಿ ಒಳಗೇ ಇಟ್ಟುಕೊಳ್ಳಿ ಎಂದು ಹೇಳಿ ಬಂದಿದ್ದೇನೆ. ಪಕ್ಕದ ಮನೆಯ ಗಂಡು ಬೆಕ್ಕು ಆಗಲೇ ಹಂಚಿನ ಮೇಲೆ ಕೂತಿತ್ತು.